ಎರಡು ಲಕ್ಷ ನಲವತ್ತು ಸಾವಿರ ಪ್ಲೇಟ್ಲೆಟ್

ಸ್ವಂತ ಮಗಳ ಮೊಬೈಲ್ ನಂಬರು ನನಗೆ ಬಾಯಿಪಾಠವಿಲ್ಲ. ಆದರೆ ಒಂದೂವರೆ ವರ್ಷದ ಹಿಂದಿನ ಒಂದು ರಕ್ತಪರೀಕ್ಷೆಯ ರಿಪೋರ್ಟು ಇವತ್ತಿಗೂ ಸಾಲು ಸಾಲಾಗಿ ನೆನಪಿದೆ. ಹಿಮೋಗ್ಲೋಬಿನ್ ಹನ್ನೆರಡು ಪಾಯಿಂಟ್ ಆರು. ಕೆಂಪುಕಣದ ಗಾತ್ರ ಎಪ್ಪತ್ತನಾಲ್ಕು. ಪ್ಲೇಟ್ಲೆಟ್ ಎರಡು ಲಕ್ಷ ನಲವತ್ತು ಸಾವಿರ. ಮುಲುಂಡಿನಲ್ಲಿ ಲೋಕಲ್ ರೈಲು ಹತ್ತಿ ಕಣ್ಣು ಮುಚ್ಚಿದರೆ ಸಾಕು, ಆ ಹಾಳೆ ಎದುರಿಗೆ ಬಂದು ನಿಲ್ಲುತ್ತದೆ. ಬೈಕುಲ್ಲಾ ಬರುವವರೆಗೂ ಹೋಗುವುದಿಲ್ಲ.

ನಾನು ಕ್ಯಾನ್ಸರ್ ರೋಗಿಗಳ ಡೇ ಕೇರ್‌ನಲ್ಲಿ ಸಿಸ್ಟರ್. ಬೆಳಿಗ್ಗೆ ಬಂದು ಕೀಮೋ ಹಾಕಿಸಿಕೊಂಡು ಸಂಜೆ ಮನೆಗೆ ಹೋಗುವವರ ವಾರ್ಡು ಅದು. ಕೀಮೋ ಮದ್ದು ಕ್ಯಾನ್ಸರನ್ನು ಹೊಡೆಯುವಾಗ ಎಲುಬಿನೊಳಗಿನ ಮಜ್ಜೆಗೂ ನಾಲ್ಕು ಬಾರಿಸಿಯೇ ಹೋಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್‌ಗಳು ಹುಟ್ಟುವುದು ಅಲ್ಲೇ. ಅವು ತೀರಾ ಕೆಳಗಿಳಿದರೆ ಪೆಟ್ಟಾಗದೆಯೂ ರಕ್ತ ಸೋರತೊಡಗುತ್ತದೆ: ಒಸಡಿನಲ್ಲಿ, ಚರ್ಮದಡಿಯಲ್ಲಿ, ಗ್ರಹಚಾರ ಕೆಟ್ಟರೆ ತಲೆಯೊಳಗೆ. ಅದನ್ನು ತಡೆಯುವುದು ದೊಡ್ಡ ವಿದ್ಯೆಯೇನಲ್ಲ. ಪ್ರತಿ ಸಲ ಮದ್ದಿಗೆ ಮೊದಲು ಕೌಂಟ್ ನೋಡಬೇಕು. ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ವಾರ ಕಾಯಬೇಕು, ಮತ್ತೂ ಏರದಿದ್ದರೆ ಡೋಸ್ ತಗ್ಗಿಸಬೇಕು. ಹಲ್ಲಿಗೆ ಮೆತ್ತನೆಯ ಬ್ರಷ್, ಅಂಗಡಿಯ ನೋವಿನ ಗುಳಿಗೆಗೆ ದೂರದಿಂದಲೇ ಕೈಮುಗಿಯುವುದು. ಅಷ್ಟೇ. ನಮ್ಮಲ್ಲಿ ಆಗ ಇನ್ನೊಂದು ಪದ್ಧತಿಯಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ನೂಕುನುಗ್ಗಲು ತಪ್ಪಲಿ ಎಂದು, ಎರಡು ದಿನ ಮೊದಲು ತಮ್ಮ ಏರಿಯಾದ ಯಾವುದಾದರೂ ಲ್ಯಾಬಿನಲ್ಲಿ ರಕ್ತ ಕೊಟ್ಟು ರಿಪೋರ್ಟ್ ತಂದರೆ ನಡೆಯುತ್ತಿತ್ತು. ನಾನು ರಿಪೋರ್ಟ್ ನೋಡಿ ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕಬೇಕು, ಡಾಕ್ಟರ್ ಮೇಡಂ ಸಹಿ ಹಾಕಬೇಕು, ಆಮೇಲೆ ಮದ್ದು ಏರಬೇಕು.

ಆ ಅಕ್ಕ ತಂಗಿ ವಿಜಯಪುರದ ಕಡೆಯವರು. ವಡಾಲದಲ್ಲಿ ಏಳುತ್ತಿದ್ದ ಒಂದು ಟವರಿನ ಪಕ್ಕ, ಕೆಲಸಗಾರರ ತಗಡಿನ ಶೆಡ್ಡಿನಲ್ಲಿ ಇದ್ದರು. ಅಕ್ಕನಿಗೆ ನಲವತ್ತೈದರ ಸುಮಾರು, ಅಂಡಾಶಯದ ಕ್ಯಾನ್ಸರ್. ಆಪರೇಷನ್ ಆಗಿತ್ತು, ಮೂರು ವಾರಕ್ಕೊಮ್ಮೆಯಂತೆ ಆರು ಸಲ ಕೀಮೋ ಆಗಬೇಕಿತ್ತು. ವಾಸಿಯಾಗುವ ಕೇಸು ಎಂದೇ ಮೇಡಂ ಬರೆದಿದ್ದರು. ತಂಗಿ ಅದೇ ಟವರಿನಲ್ಲಿ ಟೈಲ್ಸ್ ಹೊರುತ್ತಿದ್ದಳು. ತಾಯಿ ಸತ್ತ ಮೇಲೆ ಅವಳನ್ನು ಸಾಕಿದ್ದೇ ಅಕ್ಕ. ಮದುವೆ ಇಬ್ಬರದೂ ಆಗಿರಲಿಲ್ಲ. ಮುಖ ಒಂದೇ ಅಚ್ಚು, ವಯಸ್ಸು ಮಾತ್ರ ಹದಿಮೂರು ವರ್ಷ ಹೆಚ್ಚು ಕಡಿಮೆ. ಕನ್ನಡ ಬರುವವಳು ವಾರ್ಡಿನಲ್ಲಿ ನಾನೊಬ್ಬಳೇ. ನನ್ನ ಉಡುಪಿ ಕನ್ನಡ ಕೇಳಿ ಅವರಿಗೆ ನಗು, ಅವರದು ಕೇಳಿ ನನಗೆ. ಇಬ್ಬರೂ ನನ್ನನ್ನು ಸಿಸ್ಟರಕ್ಕಾರ ಎನ್ನುತ್ತಿದ್ದರು.

ಎರಡು ಸಲ ಸರಾಗವಾಗಿ ಆಯಿತು. ಮೂರನೆಯದಕ್ಕೆ ಬಂದಾಗ ಪ್ಲೇಟ್ಲೆಟ್ ಅರವತ್ತೆರಡು ಸಾವಿರ. ವಾಪಸ್ ಕಳಿಸಿದೆ. ವಾರ ಬಿಟ್ಟು ಬಂದರು, ಎಂಬತ್ತೊಂದು ಸಾವಿರ. ಮತ್ತೆ ಕಳಿಸಿದೆ. ಆವತ್ತು ತಂಗಿ ಕೌಂಟರ್ ಬಿಟ್ಟು ಕದಲಲಿಲ್ಲ.

"ಇನ್ನ ಎಷ್ಟ ಸಲ ಹೊಳ್ಳಿ ಕಳಸ್ತೀರ್ರಿ ಸಿಸ್ಟರಕ್ಕಾರ? ನಮ್ಮ ಶೆಡ್ಡಿನ್ಯಾಗ ಒಬ್ಬಾಕಿಗೆ ಹಿಂಗ ಮುಂದ ಹಾಕಿ ಹಾಕಿ, ಗಡ್ಡಿ ಮತ್ತ ಬೆಳದು ಆಕಿ ಹೋಗೇಬಿಟ್ಲು."

ನನ್ನ ಹಿಂದೆ ಹದಿನಾರು ಕುರ್ಚಿ ತುಂಬಿದ್ದವು, ಮದ್ದು ಹನಿಸುವ ಎರಡು ಪಂಪು ಕೂಗುತ್ತಿದ್ದವು. ನಾನು ಯಾವಾಗಿನ ಹಾಗೆ ನಾಲಿಗೆ ಹರಿಯಬಿಟ್ಟೆ.

"ಕೌಂಟ್ ಇಲ್ಲದೆ ಬಂದ್ರೆ ಟಿಕೆಟ್ ಇಲ್ಲದೆ ಲೋಕಲ್ ಹತ್ತಿದ ಹಾಗೆ ಮಾರಾಯ್ತಿ. ನಾನು ಇಲ್ಲಿ ಟಿಸಿ. ಟಿಕೆಟ್ ತೋರಿಸು, ಹತ್ತಿಸ್ತೇನೆ. ಇಲ್ಲದಿದ್ರೆ ಇಳಿಸಿಯೇ ಬಿಡುದು."

ಸುತ್ತಲಿನವರಿಗೆ ಹಿಂದಿಯಲ್ಲೂ ಹೇಳಿದೆ, ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ತಂಗಿ ನಗಲಿಲ್ಲ. ಯಾಕೆ ಕಾಯಬೇಕು, ಈ ಮದ್ದು ಖಾಲಿ ಮಜ್ಜೆಯ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಕೂರಿಸಿ ಹೇಳಲು ಐದು ನಿಮಿಷ ಸಾಕಿತ್ತು. ನಾನು ಹೇಳಲಿಲ್ಲ. ಜೋಕು ಚೆನ್ನಾಗಿ ಬಂತು ಎಂದುಕೊಂಡು ಕೂಗುವ ಪಂಪಿನ ಕಡೆ ಹೋದೆ.

ಮುಂದಿನ ವಾರ ತಂಗಿ ರಿಪೋರ್ಟನ್ನು ಮಡಿಸದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದಳು. ಪ್ಲೇಟ್ಲೆಟ್ ಎರಡು ಲಕ್ಷ ನಲವತ್ತು ಸಾವಿರ. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಮೇಲಿನ ಸಾಲಿಗೆ ಕಣ್ಣು ಹೋಯಿತು. ಹಿಮೋಗ್ಲೋಬಿನ್ ಹನ್ನೆರಡು ಪಾಯಿಂಟ್ ಆರು. ಹಿಂದಿನ ವಾರ ಎಂಟು ಪಾಯಿಂಟ್ ಎಂಟು ಇತ್ತು. ಏಳು ದಿನದಲ್ಲಿ, ರಕ್ತ ಏರಿಸದೆ, ಯಾರಿಗೂ ಸುಮಾರು ನಾಲ್ಕು ಅಂಕ ಏರುವುದಿಲ್ಲ. ಇದು ನರ್ಸಿಂಗ್ ಓದುವ ಮೊದಲ ವರ್ಷದವಳಿಗೂ ಗೊತ್ತು.

"ಎಂತ ತಿನ್ನಿಸಿದ್ದು ಮಾರಾಯ್ತಿ ಅಕ್ಕನಿಗೆ?" ಎಂದು ಕೇಳಿದೆ.

"ಬೀಟ್ರೂಟ್ ರೀ. ಮತ್ತ ಖಜೂರಿ. ದಿನಾ ಮುಂಜಾನೆ ಸಂಜಿಕ."

ನನಗೆ ನಂಬಬೇಕಿತ್ತು, ನಂಬಿದೆ. ಅಷ್ಟೇ ಅಲ್ಲ, ಪಕ್ಕದ ಕುರ್ಚಿಗಳಲ್ಲಿದ್ದವರಿಗೆ ಅವಳನ್ನು ತೋರಿಸಿ, "ನೋಡಿ, ಮನೆಯವರು ಅಂದ್ರೆ ಹೀಗಿರಬೇಕು, ಕಲೀರಿ" ಎಂದೆ. ತಂಗಿ ತಲೆ ಬಗ್ಗಿಸಿದಳು. ನಾಚಿಕೆ ಎಂದುಕೊಂಡೆ. ಕೈಗೆ ಸೂಜಿ ಹಾಕುವಾಗ ಅಕ್ಕನ ಉಗುರುಗಳು ಸುಣ್ಣದ ಹಾಗೆ ಬಿಳಿಯಾಗಿದ್ದವು. ಹನ್ನೆರಡು ಪಾಯಿಂಟ್ ಆರರ ಉಗುರು ಹಾಗಿರುವುದಿಲ್ಲ. ಕೆಳಗಿನ ರೆಪ್ಪೆಯನ್ನು ಒಂದು ಬೆರಳಿನಿಂದ ಎಳೆದು ನೋಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಉಗುರನ್ನು ನೋಡಿದ್ದು ನಿಜ. ನೋಡಿಯೂ ಟಿಕ್ ಹಾಕಿದ್ದೂ ನಿಜ.

"ಇವತ್ತ ಹಾಕ್ತೀರಲ್ರಿ ಸಿಸ್ಟರಕ್ಕಾರ? ಹೊಳ್ಳಿ ಕಳಸಂಗಿಲ್ಲಲ್ಲ?" ಎಂದಳು ಅಕ್ಕ.

"ಇಲ್ಲ ಮಾರಾಯ್ತಿ, ಇವತ್ತು ಟಿಕೆಟ್ ಉಂಟು ನಿನ್ನ ಹತ್ರ," ಎಂದೆ. ಮೇಡಂ ಪ್ಲೇಟ್ಲೆಟ್ ಸಾಲು ನೋಡಿ ಸಹಿ ಹಾಕಿದರು. ಪೂರ್ತಿ ಡೋಸ್ ಏರಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ತಂಗಿ ಅಕ್ಕನನ್ನು ಹೆಗಲಿಗೆ ಒರಗಿಸಿಕೊಂಡು ಬಂದಳು. ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಸೆರಗು ತೆಗೆಸಿದೆ, ಒಸಡೆಲ್ಲ ರಕ್ತ. ಸೀರೆ ಸ್ವಲ್ಪ ಎತ್ತಿದೆ, ಮೊಣಕಾಲಿನಿಂದ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕಿ. ಹೆಬ್ಬೆರಳಿನಿಂದ ಒತ್ತಿದೆ. ಸೊಳ್ಳೆ ಕಡಿತವಾದರೆ ಒತ್ತಿದಾಗ ಬಿಳಿಯಾಗುತ್ತದೆ. ಇವು ಕೆಂಪಾಗಿಯೇ ಉಳಿದವು. ಅರ್ಧ ಗಂಟೆಯಲ್ಲಿ ನಮ್ಮ ಲ್ಯಾಬಿನಿಂದಲೇ ಕೌಂಟ್ ಬಂತು. ನಾಲ್ಕು ಸಾವಿರ.

ಮೇಲಿನ ವಾರ್ಡಿನಲ್ಲಿ ಹಾಸಿಗೆ ಸಿಕ್ಕಿತು. ಅವಳ ಗುಂಪಿನ ಪ್ಲೇಟ್ಲೆಟ್ ಬ್ಲಡ್ ಬ್ಯಾಂಕಿನಲ್ಲಿ ಒಂದೇ ಸಣ್ಣ ಚೀಲ ಇತ್ತು, ಅದನ್ನು ಕೂಡಲೇ ಹಾಕಿದೆವು. ಅದು ಬಾಣಲೆಗೆ ಬಿದ್ದ ಹನಿ ನೀರು. ಒಬ್ಬನೇ ದಾನಿಯಿಂದ ಮೆಷಿನ್ ಮೂಲಕ ತೆಗೆಯುವ ದೊಡ್ಡ ಚೀಲ ಬೇಕಿತ್ತು. ದಾನಿಯ ರಕ್ತ ಒಂದು ಕೊಳವೆಯಲ್ಲಿ ಮೆಷಿನ್ನಿಗೆ ಹೋಗಿ, ಪ್ಲೇಟ್ಲೆಟ್ ಮಾತ್ರ ಉಳಿಸಿಕೊಂಡು, ಮಿಕ್ಕದ್ದು ಮೈಗೆ ವಾಪಸ್ಸಾಗುತ್ತದೆ. ಒಂದೂವರೆ ಗಂಟೆಯ ಕೆಲಸ.

"ನಂದ ತಗೋರಿ. ನಮ್ಮಿಬ್ಬರದೂ ಒಂದ ಗುಂಪ," ಎಂದಳು ತಂಗಿ.

ಹತ್ತಿರದ ರಕ್ತಸಂಬಂಧಿಯ ಚೀಲವನ್ನು ರೋಗಿಗೆ ಕೊಡುವ ಮೊದಲು ವಿಕಿರಣಕ್ಕೆ ಒಡ್ಡಬೇಕು, ಇಲ್ಲದಿದ್ದರೆ ಅಪಾಯ. ಅದಕ್ಕೂ ಬ್ಲಡ್ ಬ್ಯಾಂಕಿನವರನ್ನು ಒಪ್ಪಿಸಿದೆ. ಆ ತುರ್ತಿನಲ್ಲಿ ಅವಳ ಆಧಾರ್ ಕಾರ್ಡ್ ನೋಡಿ ಫಾರಂ ಅವರೇ ತುಂಬಿಕೊಂಡರು, ದಾನಿಯ ನರ, ತೂಕ ನೋಡಿದರು, ಒಂದು ಕೊಳವೆ ರಕ್ತ ತೆಗೆದು ಕೌಂಟಿಗೆ ಕಳಿಸಿದರು. ಹಿಂದಿ ಬಾರದವಳ ಜೊತೆಗೆ ನಾನೇ ನಿಂತಿದ್ದೆ, ಹಾಗಾಗಿ ಕೌಂಟಿನ ಚೀಟಿ ನನ್ನ ಕೈಗೇ ಬಂತು. ಅದರ ಮೇಲೆ ದಾನಿಯ ಹೆಸರಿರಲಿಲ್ಲ, ಸಂಖ್ಯೆಯಷ್ಟೇ ಇತ್ತು. ಹಿಮೋಗ್ಲೋಬಿನ್ ಹನ್ನೆರಡು ಪಾಯಿಂಟ್ ಏಳು. ಪ್ಲೇಟ್ಲೆಟ್ ಎರಡು ಲಕ್ಷ ಮೂವತ್ತೆಂಟು ಸಾವಿರ. ಕೆಂಪುಕಣದ ಗಾತ್ರ ಎಪ್ಪತ್ತನಾಲ್ಕು.

ಈ ಕೊನೆಯ ಸಂಖ್ಯೆಯನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಆದರೆ ಹುಟ್ಟಿನಿಂದಲೇ ಕೆಂಪುಕಣ ಸಣ್ಣದಿರುವವರಿಗೆ ಅದು ಹೆಚ್ಚು ಕಡಿಮೆ ಬದಲಾಗುವುದಿಲ್ಲ, ಮೈಮೇಲಿನ ಮಚ್ಚೆಯ ಹಾಗೆ ಇದ್ದಲ್ಲೇ ಇರುತ್ತದೆ. ಡೇ ಕೇರ್‌ಗೆ ಓಡಿ ಬಂದು ಅಕ್ಕನ ಫೈಲ್ ತೆರೆದೆ. ಮೊದಲ ಸಲ ತೊಂಬತ್ತೈದು. ಆಮೇಲೆ ತೊಂಬತ್ತಾರು, ತೊಂಬತ್ತೇಳು, ತೊಂಬತ್ತೇಳು. ಕೊನೆಯದು, ನಾನು ಟಿಕ್ ಹಾಕಿದ್ದು, ಎಪ್ಪತ್ತನಾಲ್ಕು. ಚೀಟಿಯನ್ನು ಫೈಲಿನೊಳಗಿಟ್ಟು ಜೊತೆಗೇ ಒಯ್ದೆ.

ವಾಪಸ್ ಹೋದಾಗ ತಂಗಿಯನ್ನು ಮೆಷಿನ್ನಿಗೆ ಹಾಕಿಯಾಗಿತ್ತು. ಹಾಸಿಗೆಯಲ್ಲಿ ಒರಗಿ, ಕೊಟ್ಟ ರಬ್ಬರ್ ಚೆಂಡನ್ನು ಹೇಳಿದ ಹಾಗೆ ಅಮುಕುತ್ತಿದ್ದಳು. ಪಕ್ಕದ ಸ್ಟೂಲಿನಲ್ಲಿ ಕೂತೆ.

"ಆ ರಿಪೋರ್ಟು ನಿನ್ನ ರಕ್ತದ್ದಾ?"

ಚೆಂಡು ಅಮುಕುವುದು ನಿಂತಿತು. ಮೆಷಿನ್ ಕೂಗಿತು. ಟೆಕ್ನಿಷಿಯನ್ ಗದರಿದ, ಮತ್ತೆ ಅಮುಕಿದಳು.

"ಹೌದ್ರಿ," ಎಂದಳು. "ಲ್ಯಾಬಿನ್ಯಾಗ ಹೆಸರ ಕೇಳಿದ್ರು, ಅಕ್ಕನ ಹೆಸರ ಹೇಳಿದೆ. ತೋಳ ಚಾಚಿದೆ. ಮತ್ತೇನೂ ಕೇಳಲಿಲ್ರಿ."

"ಯಾಕೆ ಮಾರಾಯ್ತಿ?"

"ನೀವ ಅಂದಿದ್ರಲ್ರಿ, ಟಿಕೀಟ ತೋರಸಿದ್ರ ಹತ್ತಸ್ತೀನಿ ಅಂತ. ಒಬ್ಬರ ಪಾಸಿನ್ಯಾಗ ಇನ್ನೊಬ್ಬರು ಹೋಗೂದು ಈ ಊರಾಗ ಇಲ್ಲೇನ್ರಿ? ಆಸ್ಪತ್ರಿಯವರು ಒಂದ ಗೆರಿ ಹಾಕ್ಯಾರ, ಆ ಗೆರಿ ದಾಟಿಸಿದ್ರ ಅಕ್ಕ ಬದಕ್ತಾಳ ಅಂತ ತಿಳದಿದ್ದೆ." ಚೆಂಡು ಅಮುಕುತ್ತಲೇ ಕೇಳಿದಳು, "ಅದರಿಂದನ ಹಿಂಗಾತೇನ್ರಿ?"

ಅವಳ ತೋಳಿನಿಂದ ಹೊರಟ ಕೊಳವೆ ಬೆಚ್ಚಗಿತ್ತು, ಅದರ ಮೇಲೆ ಕೈ ಇಟ್ಟು ಕೂತೆ. ಸುಳ್ಳು ಹೇಳಿದ ರಕ್ತವೂ ಅದೇ, ಈಗ ಕಾಪಾಡಬೇಕಾದ ರಕ್ತವೂ ಅದೇ.

ಮೇಲೆ ವಾರ್ಡಿನ ಬಾಗಿಲಲ್ಲಿ ಮೇಡಂ ಸಿಕ್ಕರು. "ಸಿಸ್ಟರ್, ಎರಡು ಲಕ್ಷ ನಲವತ್ತರಿಂದ ನಾಲ್ಕು ಸಾವಿರಕ್ಕೆ! ಈ ಮದ್ದು ಇವಳ ಮೈಗೆ ಆಗುವುದೇ ಇಲ್ಲ. ಇದರಿಂದ ಪಾರಾದರೂ ಇನ್ನು ಇದನ್ನು ಕೊಡುವ ಹಾಗಿಲ್ಲ, ನಿಲ್ಲಿಸಬೇಕಾಗುತ್ತದೆ," ಎಂದು ಮರಾಠಿಯಲ್ಲಿ ಹೇಳಿದರು.

ಆ ಕ್ಷಣದಲ್ಲಿ ಸತ್ಯ ಗೊತ್ತಿದ್ದದ್ದು ನನಗೆ ಮತ್ತು ಕೆಳಗೆ ಮಲಗಿದ್ದ ತಂಗಿಗೆ. ನಾನು ಬಾಯಿ ಮುಚ್ಚಿಕೊಂಡರೆ ತಂಗಿಯ ಮರ್ಯಾದೆ ಉಳಿಯುತ್ತದೆ, ನನ್ನ ಟಿಕ್ಕೂ ಉಳಿಯುತ್ತದೆ. ಆದರೆ ವಾಸಿಯಾಗಬಹುದಾದ ಒಬ್ಬಳ ಮದ್ದು ಸುಳ್ಳು ಲೆಕ್ಕದ ಮೇಲೆ ನಿಂತುಹೋಗುತ್ತದೆ. ಅವಳಿಗೆ ಬೇಕಿದ್ದದ್ದು ಮದ್ದು ನಿಲ್ಲಿಸುವುದಲ್ಲ, ಕಾದು ಕೊಡುವುದು, ತಗ್ಗಿಸಿ ಕೊಡುವುದು. ನನಗೆ ನಿಜವಾಗಿ ಹೆದರಿಕೆಯಾಯಿತು. ಇಪ್ಪತ್ತು ವರ್ಷದ ನೌಕರಿ ಕಣ್ಣ ಮುಂದೆ ಬಂತು. ಆದರೂ ಫೈಲ್ ತೆರೆದು ಆ ರಿಪೋರ್ಟನ್ನೂ ದಾನಿಯ ಚೀಟಿಯನ್ನೂ ಪಕ್ಕಪಕ್ಕ ಇಟ್ಟೆ.

"ಮೇಡಂ, ಆ ರಿಪೋರ್ಟು ಇವಳದ್ದಲ್ಲ. ತಂಗಿಯದ್ದು. ಹಿಮೋಗ್ಲೋಬಿನ್ ಜಿಗಿದದ್ದು ನನಗೆ ಕಂಡಿತ್ತು. ಕಂಡೂ ನಾನು ಟಿಕ್ ಹಾಕಿದೆ."

ಮೇಡಂ ಬೈಯಲಿಲ್ಲ. ರಿಪೋರ್ಟಿನ ಮೇಲಿನ ತಮ್ಮದೇ ಸಹಿಯನ್ನು ನೋಡಿದರು. ಆಮೇಲೆ, "ಇವಳಿಗೆ ತಲೆನೋವು ಇದೆಯಾ, ಕೇಳಿದಿರಾ?" ಎಂದರು.

ಕೇಳಿರಲಿಲ್ಲ. ಒಳಗೆ ಹೋಗಿ ಕೇಳಿದೆ. ನಿನ್ನೆಯಿಂದ ತಲೆ ಸಿಡಿಯುತ್ತಿದೆ ಎಂದಳು ಅಕ್ಕ. ಮೇಡಂ ಸ್ಕ್ಯಾನಿಗೆ ಫೋನ್ ಮಾಡಲು ಹೊರಗೆ ಓಡಿದರು. ನಾವಿಬ್ಬರೇ ಉಳಿದಾಗ ಅಕ್ಕ ನನ್ನ ಕೈ ಹಿಡಿದಳು. ಬಾಗಿಲಲ್ಲಿ ನಾನು ಹಾಳೆ ಹಿಡಿದು ನಿಂತದ್ದು ಅವಳಿಗೆ ಕಂಡಿರಬೇಕು, ನಮ್ಮ ಮರಾಠಿ ಮಾತೂ ಅಷ್ಟಿಷ್ಟು ತಿಳಿದಿರಬೇಕು.

"ಗೊತ್ತಾತೇನ್ರಿ ನಿಮಗ?" ಎಂದಳು. "ತಂಗಿಗೆ ಬೈಬ್ಯಾಡ್ರಿ. ಆಕಿ ಒಲ್ಲೆ ಅಂದ್ಲು. ನಾನ ಜುಲಮಿ ಮಾಡಿ ಕಳಿಸಿದ್ದೆ."

ಸ್ಕ್ಯಾನಿನಲ್ಲಿ ತಲೆಯೊಳಗೆ ರಕ್ತಸ್ರಾವ ಕಾಣಿಸಿತು. ತಂಗಿಯ ಚೀಲ ಪರೀಕ್ಷೆ, ವಿಕಿರಣ ಎಲ್ಲ ಮುಗಿದು ಬರುವಾಗ ನಾಲ್ಕು ಗಂಟೆ. ನಿಂಬೆ ಪಾನಕದ ಬಣ್ಣದ ಚೀಲ, ಕೈಯಲ್ಲಿ ಹಿಡಿದರೆ ಒಳಗೆ ಹೊಗೆ ಸುತ್ತಿದ ಹಾಗೆ ಕಾಣುತ್ತದೆ. ಒಳ್ಳೆಯ ಪ್ಲೇಟ್ಲೆಟ್‌ಗೆ ಅದೇ ಗುರುತು. ನಾನೇ ಏರಿಸಿದೆ. ಅರ್ಧ ಹೋಗುವಷ್ಟರಲ್ಲಿ ಅಕ್ಕನ ಮಾತು ತೊದಲಿತು, ಒಂದು ಕಣ್ಣಿನ ಪಾಪೆ ದೊಡ್ಡದಾಯಿತು. ಐಸಿಯುಗೆ ಒಯ್ದರು. ಆ ಓಡಾಟದಲ್ಲಿ ಚೀಲ ಸಲೈನ್ ಕಂಬದಲ್ಲೇ ಉಳಿಯಿತು. ಮರುದಿನ ಮಧ್ಯಾಹ್ನ ಅಕ್ಕ ತೀರಿಕೊಂಡಳು.

ಐಸಿಯು ಹೊರಗಿನ ಬೆಂಚಿನಲ್ಲಿ ತಂಗಿ ಕೇಳಿದ್ದು ಒಂದೇ ಪ್ರಶ್ನೆ. "ನಾನ ಕೊಂದೆನೇನ್ರಿ?"

"ಇಲ್ಲ. ನೋಡಿಯೂ ಮದ್ದು ಹಾಕಿದವಳು ನಾನು. ಮತ್ತೆ, ಅಕ್ಕ ನನ್ನತ್ರ ಹೇಳಿದ್ದಾಳೆ, ತಾನೇ ನಿನ್ನನ್ನು ಕಳಿಸಿದ್ದು ಅಂತ."

ತಂಗಿ ನನ್ನ ಮುಖವನ್ನೇ ನೋಡಿದಳು. "ಸುಳ್ಳರಿ," ಎಂದಳು. "ಅಕ್ಕಗ ಗೊತ್ತ ಇರಲಿಲ್ಲ. ಹಿಂದಿನ ವಾರದ ರಕ್ತದಾಗ ಮತ್ತ ನೋಡ್ಯಾರಂತ ಹೇಳಿದ್ದೆ ಆಕಿಗೆ."

ಇಬ್ಬರಲ್ಲಿ ಒಬ್ಬಳು ಇನ್ನೊಬ್ಬಳನ್ನು ಉಳಿಸಲು ಸುಳ್ಳು ಹೇಳಿದ್ದಾಳೆ. ಯಾರು ಎಂದು ನನಗೆ ಇವತ್ತಿಗೂ ತಿಳಿಯದು. ಇನ್ನೊಂದೂ ತಿಳಿಯದು. ಆ ದಿನ ಅಕ್ಕನ ನಿಜವಾದ ಕೌಂಟ್ ಎಷ್ಟಿತ್ತು? ಎಂಬತ್ತು ಸಾವಿರವೋ, ಮೂವತ್ತೋ? ಅಥವಾ ಒಂದು ಲಕ್ಷ ದಾಟಿತ್ತೋ, ಈ ಮೋಸವೇ ಬೇಕಿರಲಿಲ್ಲವೋ? ಅದನ್ನು ಯಾರೂ ತೆಗೆದು ನೋಡಲಿಲ್ಲ, ಇನ್ನು ನೋಡುವಂತೆಯೂ ಇಲ್ಲ. ನನ್ನ ತಲೆ ಮಾತ್ರ ದಿನಕ್ಕೊಂದು ಸಂಖ್ಯೆ ಬರೆದು ಅಳಿಸುತ್ತದೆ.

ನಾನು ಲಿಖಿತ ಹೇಳಿಕೆ ಕೊಟ್ಟೆ. ವಿಚಾರಣೆ ಆಯಿತು, ನನಗೆ ಎಚ್ಚರಿಕೆ ಪತ್ರ ಬಂತು. ಅದಕ್ಕಿಂತ ದೊಡ್ಡ ಶಿಕ್ಷೆಗೆ ತಯಾರಾಗಿದ್ದೆ, ಸಿಗದೆ ಹೋದದ್ದರಿಂದ ನಿದ್ದೆಯೇನೂ ಬರಲಿಲ್ಲ. ಹೊರಗಿನ ರಿಪೋರ್ಟಿನ ಪದ್ಧತಿ ನಿಂತಿತು. ಈಗ ಕುರ್ಚಿಯ ಪಕ್ಕದಲ್ಲೇ ರಕ್ತ ತೆಗೆಯುತ್ತೇವೆ, ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಿ ಕೈಪಟ್ಟಿಗೆ ತಾಳೆ ನೋಡುತ್ತೇವೆ, ಹಿಂದಿನ ಸಲದ ಸಂಖ್ಯೆ ಪಕ್ಕದಲ್ಲಿಟ್ಟೇ ಟಿಕ್ ಹಾಕುತ್ತೇವೆ. ವಾಪಸ್ ಕಳಿಸುವಾಗ ಐದು ನಿಮಿಷ ಕೂರಿಸಿ, ಮಜ್ಜೆ ಎಂದರೇನು, ಅದಕ್ಕೆ ಉಸಿರಾಡಲು ಯಾಕೆ ಒಂದು ವಾರ ಬೇಕು ಎಂದು ನಾನೇ ಹೇಳುತ್ತೇನೆ. ಪಂಪು ಕೂಗಿದರೆ ಕೂಗಲಿ. ಜೋಕು ಮಾಡುವುದು ಬಿಟ್ಟಿದ್ದೇನೆ. ಸಿಸ್ಟರಿಗೆ ಸೊಕ್ಕು ಬಂದಿದೆ ಎಂದು ಹಳೆಯ ರೋಗಿಗಳು ಹೇಳುತ್ತಾರಂತೆ. ಲೋಕಲಿನಲ್ಲಿ ಎದುರು ನಿಂತವರ ಉಗುರು ನೋಡುತ್ತೇನೆ. ಮಗಳ ಕಾಲಲ್ಲಿ ಒಂದು ಕೆಂಪು ಚುಕ್ಕಿ ಕಂಡರೆ ಹೆಬ್ಬೆರಳಿನಿಂದ ಒತ್ತಿ, ಬಿಳಿಯಾಗುವವರೆಗೂ ಉಸಿರು ಬಿಡುವುದಿಲ್ಲ. ಅವಳಿಗೆ ಸಿಟ್ಟು ಬರುತ್ತದೆ. "ಮಮ್ಮಿ, ಮಚ್ಛರ್ ಹೈ!" ಎಂದು, ಬರೀ ಸೊಳ್ಳೆ ಕಡಿತಕ್ಕೆ ಇಷ್ಟೇಕೆ ಎನ್ನುವ ಹಾಗೆ ಕಾಲು ಎಳೆದುಕೊಳ್ಳುತ್ತಾಳೆ.

ಹೋದ ತಿಂಗಳು ಬ್ಲಡ್ ಬ್ಯಾಂಕಿನಿಂದ ಫೋನ್ ಬಂತು. ನಿಮ್ಮ ಭಾಷೆಯ ಹೆಂಗಸೊಬ್ಬಳು ಬಂದಿದ್ದಾಳೆ, ಫಾರಂ ತುಂಬಿಸಬೇಕು, ಬನ್ನಿ ಎಂದರು. ಹೋದೆ. ತಂಗಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಕಾಲಿನ ಬೆರಳ ಸಂದಿಯಲ್ಲಿ ಇನ್ನೂ ಸಿಮೆಂಟು. ನನ್ನನ್ನು ಕಂಡು ಎದ್ದಳು.

"ಪ್ಲೇಟ್ಲೆಟ್ ಕೊಡಾಕ ಬಂದೀನ್ರಿ ಸಿಸ್ಟರಕ್ಕಾರ. ಅವತ್ತಿಂದು ಅರ್ಧ ಹಂಗ ಉಳೀತಲ್ರಿ. ಯಾರಿಗರ ಕೊಡ್ರಿ."

ಫಾರಂ ತೆಗೆದುಕೊಂಡು ಪಕ್ಕದಲ್ಲಿ ಕೂತೆ, ಪೆನ್ನು ಬಿಚ್ಚಿದೆ.

"ಹೆಸರು?"

ಅಕ್ಕನ ಹೆಸರು ಹೇಳಿದಳು. "ಆಕಿ ಹೆಸರಲೇ ಕೊಡ್ತೀನ್ರಿ," ಎಂದಳು.

ಆ ಹೆಸರು ನನಗೂ ಬಾಯಿಪಾಠ. ಕೈ ಮೊದಲ ಅಕ್ಷರ ಬರೆದೇಬಿಟ್ಟಿತ್ತು. ಅಲ್ಲೇ ನಿಲ್ಲಿಸಿ, ಅದನ್ನು ಹೊಡೆದುಹಾಕಿದೆ.

"ಬೇಡ ಮಾರಾಯ್ತಿ. ರಕ್ತ ಯಾರದ್ದೋ ಅವರದ್ದೇ ಹೆಸರು ಬರೀಬೇಕು. ನಿನ್ನ ಹೆಸರು ಹೇಳು."

ಅವಳು ಗೋಡೆ ನೋಡಿದಳು, ತನ್ನ ತೋಳು ನೋಡಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. ಎಷ್ಟು ಸಲ ನನ್ನ ಕೌಂಟರಿನೆದುರು ನಿಂತಿದ್ದಳು, ಎಷ್ಟು ಹೊತ್ತು ಅವಳ ರಕ್ತದ ಪಕ್ಕದಲ್ಲಿ ನಾನು ಕೂತಿದ್ದೆ. ಅವಳ ಹೆಸರನ್ನು ನಾನು ಕೇಳಿದ್ದು ಅವತ್ತೇ ಮೊದಲು.